ಎರಡು ಮಿಲಿಮೀಟರ್

ಗಾಜಿನ ನಳಿಗೆಯನ್ನು ಜ್ವಾಲೆಗೆ ಹಿಡಿದು ಎಳೆಯಬೇಕು,
ಬೆಲ್ಲದ ಪಾಕ ಎಳೆ ಬಂತೇ ಎಂದು ನೋಡುವ ಹಾಗೆ.
ಕೂದಲಿಗಿಂತ ಸಣ್ಣಗಾದ ಮೇಲೂ
ಒಳಗೆ ಟೊಳ್ಳು ಉಳಿದಿರುತ್ತದೆ.
ಆ ಟೊಳ್ಳಿನಲ್ಲಿ ಚಿನ್ನದ ನೀರು ಕುಡಿದ ತಂತಿ,
ತುದಿಗೆ ಸಿಲಿಕೋನಿನ ಒಂದು ತೊಟ್ಟು.
ಆಮ್ಲಜನಕ ತಾಗಿದರೆ
ಇರುವೆಯ ಹೆಜ್ಜೆಯಷ್ಟು ಕರೆಂಟು.

ಈ ವರ್ಷ ಹನ್ನೊಂದು ಮುರಿದಿದ್ದೇನೆ.
ಕುಂದುವಾಡ ಕೆರೆಯ ಬಸವನಹುಳುವಿನ ಚಿಪ್ಪಿಗೆ ಒಂದು,
ನನ್ನದೇ ಸೀನಿಗೆ ಒಂದು,
ಉಳಿದವು ಹೇಗೆಂದು ಗೊತ್ತಿಲ್ಲ, ಮುರಿದವು.
ಉಮಾಪತಿ ಮೇಷ್ಟ್ರು ಬೈಯಲಿಲ್ಲ.
ಗೋಡೆಯ ಕ್ಯಾಲೆಂಡರಿನಲ್ಲಿ
ಆಯಾ ದಿನದ ಸುತ್ತ ಒಂದು ಸೊನ್ನೆ ಎಳೆದರು, ಅಷ್ಟೆ.

ಅಮ್ಮಿ ಮಂಡಕ್ಕಿ ಭಟ್ಟಿಗೆ ಹೋಗಲು ಶುರುಮಾಡಿ ಇಪ್ಪತ್ತೆಂಟು ವರ್ಷ.
ಮರಳು ಕಾದಿದೆಯೇ ಎಂದು ನಾಲ್ಕೇ ಕಾಳು ಅಕ್ಕಿ ಎಸೆಯುತ್ತಾಳೆ,
ಅರಳುವ ಸದ್ದಿಗೆ ಕಿವಿಗೊಟ್ಟು
‘ಇನ್ನೊಂದು ಬೊಗಸೆ ಹೊಟ್ಟು ಹಾಕು’ ಎನ್ನುತ್ತಾಳೆ.
ನನ್ನ ಮೊನೆಯನ್ನು ಒಮ್ಮೆ ಬೆಳಕಿಗೆ ಹಿಡಿದು ತೋರಿಸಿದ್ದೆ.
ಅವಳಿಗೆ ಕಾಣಲಿಲ್ಲ.
‘ಕೆಸರಿನಾಗ ಏನೈತೆ ಅಂತ
ಇಷ್ಟು ನಾಜೂಕು?’

ಮೊನ್ನೆ ಕೆರೆಯ ತಳವನ್ನು
ಪಾರದರ್ಶಕ ಕೊಳವೆಯಲ್ಲಿ ನಿಲ್ಲಿಸಿಕೊಂಡೇ ತಂದೆ,
ಆಟೋದಲ್ಲಿ, ಎರಡು ಮಂಡಿಗಳ ನಡುವೆ ಅವಚಿ.
ಪಿ.ಬಿ. ರಸ್ತೆಯ ಗುಂಡಿ ಗುಂಡಿಗೂ
ಮೇಲಿನ ಹಸಿರು ಪದರ ನಡುಗುತ್ತಿತ್ತು.
ಹಸಿರು, ಕಂದು, ಆಮೇಲೆಲ್ಲ ಕಪ್ಪು.
‘ಹಲ್ವಾನಾ ಮೇಡಂ?’ ಅಂದ ಡ್ರೈವರ್.

ಮೋಟಾರು ಮೊನೆಯನ್ನು ಇಳಿಸುತ್ತದೆ,
ಒಂದು ಹೆಜ್ಜೆಗೆ ಮಿಲಿಮೀಟರಿನ ಹತ್ತನೇ ಒಂದು ಪಾಲು.
ನೀರಿನಲ್ಲಿ ಇನ್ನೂರ ನಲವತ್ತು.
ಪಾಚಿಯ ಮೈ ಹೊಕ್ಕಿದ್ದೇ ನಾನೂರು, ಐನೂರು,
ಗಾಳಿ ಕೊಟ್ಟದ್ದಕ್ಕಿಂತ ಹೆಚ್ಚು,
ಅವೇ ಹೆತ್ತ ಉಸಿರು.
ದೀಪಕ್ಕೆ ಅಂಗೈ ಅಡ್ಡ ಹಿಡಿದೆ.
ಒಂದು ಸೆಕೆಂಡು, ಎರಡು.
ಗೆರೆ ಜಾರಿತು.
ಆ ಜಾರಿಕೆಯೇ ಲೆಕ್ಕ:
ಬೆಳಕಿದ್ದಾಗ ಎಷ್ಟು ದುಡಿಯುತ್ತಿದ್ದವೆಂದು
ನಿಂತ ಕೂಡಲೇ ತಿಳಿಯುತ್ತದೆ.
(ಅಮ್ಮಿಗೆ ಜ್ವರ ಬಂದ ವಾರ
ನಮಗೂ ಹೀಗೆಯೇ ತಿಳಿದಿತ್ತು.)

ಕೈ ತೆಗೆದೆ. ಮತ್ತೆ ಕೆಳಗೆ.
ಒಂದು ಮಿಲಿಮೀಟರಿಗೆ ನೂರು,
ಒಂದೂವರೆಗೆ ಮೂವತ್ತು,
ಎರಡಕ್ಕೆ ಸೊನ್ನೆ.
ಒಂದು ಅಕ್ಕಿಕಾಳು ಅಡ್ಡ ಮಲಗಿದಷ್ಟು ದಪ್ಪ.
ಅಷ್ಟರಲ್ಲೇ ಮುಗಿಯಿತು
ನಾವು ಉಸಿರಾಡುವ ಲೋಕ.

ಕೊಳೆತ ಮೊಟ್ಟೆಯ ವಾಸನೆ ಹಿಡಿಯುವ ಇನ್ನೊಂದು ಮೊನೆ ಇದೆ.
ಅದನ್ನೂ ಇಳಿಸಿದೆ.
ಎಂಟನೇ ಮಿಲಿಮೀಟರಿನ ತನಕ ಅದಕ್ಕೂ ಏನೂ ಸಿಗಲಿಲ್ಲ.
ಮೇಲಿನ ಉಸಿರು ಇಲ್ಲಿಗೆ ತಲುಪದು,
ಕೆಳಗಿನ ವಿಷ ಇಲ್ಲಿಗೆ ಏರದು,
ನಡುವೆ ಆರು ಮಿಲಿಮೀಟರ್, ಯಾರದ್ದೂ ಅಲ್ಲದ ಜಾಗ.
ಹಾಗಾದರೆ ಆ ವಿಷವನ್ನು ಅಲ್ಲೇ ತಡೆದವರು ಯಾರು?

ಒಂದು ಜಾತಿಯಿದೆಯಂತೆ.
ಸಾವಿರ ಕೋಶಗಳು ಒಂದರ ತಲೆಯ ಮೇಲೊಂದು ನಿಂತು
ಉದ್ದಕ್ಕೂ ತಂತಿಯಾಗುತ್ತವಂತೆ.
ಕೆಳಗಿನವು ಕತ್ತಲಲ್ಲಿ ಉಣ್ಣುತ್ತವೆ,
ಮೇಲಿನವು
ಎಲ್ಲರ ಪರವಾಗಿ ಉಸಿರಾಡುತ್ತವೆ.
ದೀಪ ಆರಿಸಿ ಗಂಟೆಯಾದ ಮೇಲೂ
ಹುಳಿ ಅಳೆಯುವ ಮೊನೆ
ಮೇಲ್ಪದರದಲ್ಲಿ ಸಣ್ಣದೊಂದು ಉಬ್ಬು ತೋರಿಸಿತು.
ಮೇಷ್ಟ್ರು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು.
‘ಗುಮಾನಿ. ಇನ್ನೂ ಬರೀಬೇಡ.’

ಬರೆಯಲಿಲ್ಲ.
ಸಂಜೆ ಅಮ್ಮಿ ಬಾಗಿಲಲ್ಲಿ ಸೆರಗು ಕೊಡವಿದಳು,
ಮರಳು ಉದುರಿತು.
‘ಇವತ್ತೆಷ್ಟು ಮುರಿದಿ?’
‘ಒಂದೂ ಇಲ್ಲ.’
ನಕ್ಕಳು, ನಗು ಕೆಮ್ಮಾಯಿತು,
ಕೆಮ್ಮು ನಿಲ್ಲುವವರೆಗೆ ಗೋಡೆ ಹಿಡಿದು ನಿಂತಳು.
ಒಂದು ಸೆಕೆಂಡು, ಎರಡು,
ನಾನು ಎಣಿಸುತ್ತಿದ್ದೆ.